ಪ್ರೇಕ್ಷಕರ ಸಾಲಿನಲ್ಲಿ ಒಬ್ಬ ತಾಯಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ರೀಡೆ ಮತ್ತು ಕುಟುಂಬ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದುದು ನಿಜ. ಕನ್ನಡ ಪಂಡಿತರಾದವರು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡಿದರೆ ಕೇಳುವವರಿಗೂ ಒಪ್ಪಿಗೆಯಾಗುತ್ತದೆ. ಆಟದ ವಿಷಯದಲ್ಲಿ ನಮ್ಮ ಯೋಗ್ಯತೆ ಬಹಳ ಅಲ್ಪವಾದುದು. ಶಾಲೆಯ ದಿನಗಳಲ್ಲಿ ಕೈಗೆ ಬಂದ ಚೆಂಡನ್ನು ನೆಲಕ್ಕೆ ಬಿಡುವುದರಲ್ಲಿ ನಾವು ಪ್ರವೀಣರಾಗಿದ್ದೆವು. ಆದಕಾರಣ ತಂಡದಲ್ಲಿ ನಮಗೆ ದೊರೆತದ್ದು ಓಟಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ಮಾತ್ರ. ಆದರೆ ಆಲೋಚಿಸಿ ನೋಡಿದಾಗ ಈ ವಿಷಯವನ್ನು ಚೆನ್ನಾಗಿ ಬಲ್ಲವರೊಬ್ಬರು ನಮ್ಮ ಮನೆಯಲ್ಲಿಯೇ ಇದ್ದಾರೆಂಬುದು ಹೊಳೆಯಿತು. ಅವರು ನಮ್ಮ ತಾಯಿ. ವೇದಿಕೆಗೆ ಬಂದು ತಾವೇ ಮಾತನಾಡಬೇಕೆಂದು ಬೇಡಿಕೊಂಡೆವು. "ನನಗೇನು ಬರುತ್ತಪ್ಪಾ? ನೀನೇ ಹೇಳು. ಆದರೆ ಇಲ್ಲದ್ದೊಂದೂ ಸೇರಿಸಬೇಡ" ಎಂದರು. ಆ ಕಟ್ಟಳೆಗೆ ಒಳಪಟ್ಟು, ಅವರು ಆಟಗಳನ್ನು ಕೇಳಿ, ನೋಡಿ, ನಕ್ಕು, ಅತ್ತ ಐವತ್ತು ವರ್ಷಗಳ ಕಥೆಯನ್ನು ತಮ್ಮ ಮುಂದಿಡುತ್ತೇವೆ. ಅದರಲ್ಲಿ ತಮ್ಮ ಮನೆಯ ತಾಯಂದಿರ ಕಥೆಯೂ ಸೇರಿರಬಹುದು.

ಪಂಡಿತರ ಅಭ್ಯಾಸದಂತೆ ಮೊದಲಿಗೆ ಒಂದು ಹಳೆಯ ಕಥೆ. ಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ತಮ್ಮ ಶಿಷ್ಯರ ವಿದ್ಯೆಯನ್ನು ಪುರಜನರಿಗೆ ತೋರಿಸುವುದಕ್ಕಾಗಿ ಹಸ್ತಿನಾವತಿಯಲ್ಲಿ ದೊಡ್ಡ ರಂಗವೊಂದನ್ನು ಕಟ್ಟಿಸುತ್ತಾರೆ. ಅರಸುಗಳಿಗೆ ಮಂಚಿಕೆ, ರಾಣೀವಾಸಕ್ಕೆ ಪ್ರತ್ಯೇಕ ಸ್ಥಳ, ಸುತ್ತಲೂ ಜನಸಾಗರ. ಅರ್ಜುನನ ಕೈಚಳಕವನ್ನು ಕಂಡು ಜನ ಹರ್ಷೋದ್ಗಾರ ಮಾಡುತ್ತಿರುವಾಗ ಕರ್ಣನು ಬಂದು ಅವನಿಗೆ ಎದುರಾಗಿ ನಿಲ್ಲುತ್ತಾನೆ. ಜನರು ಎರಡು ಪಕ್ಷವಾಗುತ್ತಾರೆ. ಆ ಜನಸಾಗರದಲ್ಲಿ ಎರಡು ಪಕ್ಷಕ್ಕೂ ಸೇರಿದವಳು ಒಬ್ಬಳೇ ಒಬ್ಬಳು. ಎದುರುಬದುರಾಗಿ ನಿಂತ ಇಬ್ಬರೂ ತನ್ನ ಮಕ್ಕಳೆಂಬುದನ್ನು ಬಲ್ಲ ಕುಂತೀದೇವಿ ಕುಳಿತಲ್ಲಿಯೇ ಮೂರ್ಛೆಹೋಗುತ್ತಾಳೆ. ಪ್ರೇಕ್ಷಕರ ಸಾಲಿನಲ್ಲಿ ಕುಳಿತ ತಾಯಿಯ ಚಿತ್ರ ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಹಿಂದಿನದು ನಮಗೆ ಗೊತ್ತಿಲ್ಲ. ಗಂಡಸರು ಯಾರು ಗೆದ್ದರೆಂದು ನೋಡುತ್ತಾರೆ. ತಾಯಿ ಎಲ್ಲರೂ ಕುಶಲವೇ ಎಂದು ನೋಡುತ್ತಾಳೆ. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ನಮ್ಮ ತಾಯಿ ಹುಟ್ಟಿದ್ದು 1954ರಲ್ಲಿ, ದೆಂಕಣಿಕೋಟೆಯಲ್ಲಿ. ಆಗ ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾದಾಗ ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಮನೆ ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು. ತಾಯಿಯವರು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದರು. ಖೋ ಖೋ ಆಟದಲ್ಲಿ ಅವರನ್ನು ಮುಟ್ಟುವುದು ಯಾರಿಂದಲೂ ಆಗುತ್ತಿರಲಿಲ್ಲವೆಂದು ಅವರ ಜೊತೆಗಾತಿಯರು ಇಂದಿಗೂ ಹೇಳುತ್ತಾರೆ. ಒಮ್ಮೆ ಸೇಲಮ್ಮಿನಲ್ಲಿ ನಡೆಯುವ ಪಂದ್ಯಕ್ಕೆ ಶಾಲೆಯಿಂದ ಆರಿಸಿದರಂತೆ. ಎರಡು ರಾತ್ರಿ ಹೊರಗಿರಬೇಕೆಂಬ ಕಾರಣಕ್ಕೆ ಮನೆಯ ಹಿರಿಯರು ಕಳುಹಿಸಲಿಲ್ಲ. ಹೊಲಿಸಿಟ್ಟಿದ್ದ ಬಿಳಿಯ ಲಂಗವನ್ನು ಆಮೇಲೆ ತಲೆದಿಂಬಿನ ಚೀಲ ಮಾಡಿದರಂತೆ. ಈ ಸಂಗತಿಯನ್ನು ಅವರು ಯಾರ ಮೇಲೂ ದೂರು ಹೊರಿಸದೆ ಹೇಳುತ್ತಾರೆ. ಆದರೆ ಪ್ರತಿ ಸಲವೂ ಆ ಲಂಗದ ಮಾತನ್ನು ಮಾತ್ರ ಬಿಡುವುದಿಲ್ಲ.

1972ರಲ್ಲಿ ಮದುವೆಯಾಯಿತು. 1974ರಲ್ಲಿ ನಮ್ಮ ಅಣ್ಣನ ಬಾಣಂತನಕ್ಕೆಂದು ತವರುಮನೆಯಲ್ಲಿದ್ದಾಗ ಅವರಿಗೆ ಕ್ರಿಕೆಟ್ಟಿನ ಹುಚ್ಚು ಹಿಡಿಯಿತು. ಹಿಂದಿನ ವರ್ಷ, ಅಂದರೆ 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಿತ್ತು. ಆ ಹೆಸರನ್ನು ಹೊತ್ತು ಆಡಿದ ಮೊದಲ ವರ್ಷದಲ್ಲಿಯೇ ನಮ್ಮ ತಂಡ ರಣಜಿ ಪಂದ್ಯದ ಸೆಮಿಫೈನಲಿನಲ್ಲಿ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ಎದುರಿಸಿತು. ಬೊಂಬಾಯಿ ತಂಡವು 1958-59ರಿಂದ ಮೊದಲುಗೊಂಡು ಎಡೆಬಿಡದೆ 15 ವರ್ಷ ಆ ಪಾರಿತೋಷಕವನ್ನು ತನ್ನಲ್ಲಿಯೇ ಇಟ್ಟುಕೊಂಡಿತ್ತು. ನಮ್ಮ ಸೋದರಮಾವನವರು ನಾಲ್ವರು ಸ್ನೇಹಿತರೊಡನೆ ಬೆಳಗಿನ ಬಸ್ಸು ಹತ್ತಿ ಪಂದ್ಯ ನೋಡಲು ಹೋದರು. ತಾಯಿಯವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ರೇಡಿಯೋದ ಮುಂದೆ ಕುಳಿತರು. ವಿಶ್ವನಾಥರೂ ಬ್ರಿಜೇಶ್ ಪಟೇಲರೂ ಶತಕ ಹೊಡೆದುದು, ಪ್ರಸನ್ನರ ಚೆಂಡಿಗೆ ಗಾವಸ್ಕರರ ವಿಕೆಟ್ ಉರುಳಿದುದು, ನಾಯಕ ವಾಡೇಕರರು ಕಾಲುಜಾರಿ ರನ್ ಔಟಾದುದು, ಇವೆಲ್ಲವನ್ನೂ ಅವರು ತಾವೇ ಕಂಡವರಂತೆ ಹೇಳುತ್ತಾರೆ. ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಕರ್ನಾಟಕ ಗೆದ್ದಿತು. ಅನಂತರ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪಾರಿತೋಷಕವನ್ನೂ ತಂದಿತು.

ಬೊಂಬಾಯಿಯನ್ನು ಸೋಲಿಸಿದ ದಿನ ಮಾವನವರ ಗುಂಪು ಊರಿಗೆ ಮರಳುವಾಗ ರಾತ್ರಿ ಬಹಳ ಹೊತ್ತಾಗಿತ್ತು. ಮಾವನವರು ಬಾಗಿಲಲ್ಲಿ ನಿಂತು "ಗೆದ್ದೆವಮ್ಮಾ!" ಎಂದು ಕೂಗಿದರೆ, ತಾಯಿಯವರು ಕೇಳಿದ ಮೊದಲ ಮಾತು "ಎಲ್ಲಾ ಮನೆಗೆ ಬಂದ್ರಾ?" ಎಂಬುದು. ಐವರೂ ಬಂದರೆಂದು ತಿಳಿದ ಮೇಲೆಯೇ ಅವರು ಸಂತೋಷಪಟ್ಟರಂತೆ. ಮಾವನವರು ಈ ಮಾತನ್ನು ಹೇಳಿ ಬಹಳ ವರ್ಷ ತಮಾಷೆ ಮಾಡುತ್ತಿದ್ದರು.

ಗಂಡನ ಮನೆ ತಳಿಯ ಕಡೆಯ ಒಂದು ಹಳ್ಳಿ. ರಾಗಿ, ಹುರುಳಿ, ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯೊಳಗೆ ರೇಷ್ಮೆಹುಳು. ಹುಳು ಸಾಕುವುದೆಂದರೆ ಎಳೆಗೂಸನ್ನು ಸಾಕಿದಂತೆಯೇ ಎಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರು ಬಲ್ಲರು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಹಗಲಿಲ್ಲ ಇರುಳಿಲ್ಲ. ಸೊಪ್ಪು ಹಾಕುತ್ತಲೇ ಇರಬೇಕು. 1974ರ ಒಂದು ಒಳ್ಳೆಯ ಬೆಳೆಯ ಹಣದಲ್ಲಿ ನಮ್ಮ ತಂದೆಯವರು ಒಂದು ಟ್ರಾನ್ಸಿಸ್ಟರ್ ಕೊಂಡುತಂದರು. ಅದು ಹುಳುಮನೆಯ ಗೂಡಿನಲ್ಲಿ ನೆಲಸಿತು. 1975ರ ಸಂಕ್ರಾಂತಿಯ ವಾರದಲ್ಲಿ ಮದರಾಸಿನ ಚೇಪಾಕಿನಲ್ಲಿ ವೆಸ್ಟ್ ಇಂಡೀಸಿನೊಡನೆ ಟೆಸ್ಟ್ ಪಂದ್ಯ. ಆಂಡಿ ರಾಬರ್ಟ್ಸ್ ಎಂಬ ವೇಗದ ಬೌಲರು 7 ವಿಕೆಟ್ ಕಿತ್ತರು. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥರೊಬ್ಬರದೇ 97, ಅದೂ ಔಟಾಗದೆ. ಇನ್ನು ಮೂರು ಓಟ ಬೇಕು; ಜೊತೆಗಾರರೇ ಮುಗಿದುಹೋದರು. ಆ ಪಂದ್ಯವನ್ನು ಭಾರತ 100 ಓಟಗಳಿಂದ ಗೆದ್ದಿತು. ತಾಯಿಯವರಿಗೆ ಇಂಗ್ಲಿಷ್ ವಿವರಣೆ ಅರ್ಥವಾಗುತ್ತಿರಲಿಲ್ಲ. ಫೋರ್, ಔಟ್, ನಾಟ್ ಔಟ್ ಎಂಬ ಮೂರು ಮಾತುಗಳಿಂದಲೂ ಜನರ ಕೂಗಿನಿಂದಲೂ ಉಳಿದುದನ್ನು ಊಹಿಸುತ್ತಿದ್ದರು. ಆ ತಿಂಗಳು ಮನೆಯ ಹುಳುವಿಗೆ ಸುಣ್ಣಕಟ್ಟು ರೋಗ ತಗುಲಿ, ಚಂದ್ರಿಕೆಗೆ ಏರಿಸುವ ಮುನ್ನವೇ ಬೆಳೆ ಪೂರ್ತಿ ಹೋಯಿತು. ತಂದೆಯವರು ಮಾತುಬಿಟ್ಟು ಕುಳಿತಾಗ ತಾಯಿಯವರು, "ಮೂರು ರನ್ನಿಗೆ ಶತಕ ತಪ್ಪಿದ ಆ ವಿಶ್ವನಾಥ ಮುಂದಿನ ಪಂದ್ಯಕ್ಕೆ ಬರೋದಿಲ್ವೇ? ಮೊಟ್ಟೆ ತರೋಣ ನಡೀರಿ" ಎಂದರಂತೆ. ಗಾದೆಗಳನ್ನೂ ಸುಭಾಷಿತಗಳನ್ನೂ ತರಗತಿಯಲ್ಲಿ ಹೇಳಿಕೊಡುವುದು ನಮ್ಮ ಕಸುಬು. ಬೆಳೆ ಕೆಟ್ಟ ಮನೆಯಲ್ಲಿ ಅಷ್ಟು ಉಪಯುಕ್ತವಾದ ಮಾತನ್ನು ನಾವು ಇನ್ನೊಂದು ಕೇಳಿಲ್ಲ.

ವಿಶ್ವನಾಥರ ವಿಷಯದಲ್ಲಿ ಅವರ ಅಭಿಮಾನ ಅಲ್ಲಿಂದ ಬೇರುಬಿಟ್ಟಿತು. 1980ರಲ್ಲಿ ಬೊಂಬಾಯಿಯಲ್ಲಿ ಇಂಗ್ಲೆಂಡಿನೊಡನೆ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯಕ್ಕೆ ವಿಶ್ವನಾಥರೇ ನಾಯಕರು. ಎದುರಾಳಿಗಳು ಐದು ವಿಕೆಟ್ ಕಳೆದುಕೊಂಡು ತತ್ತರಿಸುತ್ತಿದ್ದಾಗ ಬಾಬ್ ಟೇಲರ್ ಎಂಬವರನ್ನು ಅಂಪೈರರು ಔಟೆಂದು ಕೈಯೆತ್ತಿದರು. ಚೆಂಡು ದಾಂಡಿಗೆ ತಗುಲಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಯಿತು. ಹೊರಟವರನ್ನು ಅವರೇ ಹಿಂದಕ್ಕೆ ಕರೆದರು. ಟೇಲರ್ ಉಳಿದರು, ಬೋಥಮ್ ಶತಕ ಹೊಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ನಮ್ಮ ಮಾವನವರು ಇದನ್ನು ದಡ್ಡತನವೆಂದರು. ತಾಯಿಯವರು, "ಅನ್ಯಾಯದ ಗೂಡಿನಲ್ಲಿ ನೂಲು ಬರೋದಿಲ್ಲಣ್ಣ" ಎಂದರು. ಬೊಂಬಾಯಿಯ ಗಾವಸ್ಕರರ ಸೋದರಿಯೇ ವಿಶ್ವನಾಥರ ಪತ್ನಿಯೆಂಬ ಸಂಗತಿಯೂ ತಾಯಿಯವರಿಗೆ ಬಲು ಪ್ರಿಯವಾದುದು. ಮೈದಾನದಲ್ಲಿ ಎದುರಾಳಿ, ಮನೆಯಲ್ಲಿ ನೆಂಟ. ತಮಿಳು, ತೆಲುಗು, ಕನ್ನಡದ ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ನಮ್ಮ ಗಡಿಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಮಕ್ಕಳ ವಿಷಯಕ್ಕೆ ಬರೋಣ. ನಾವು ಆಟಗಾರರಾಗಲಾರೆವೆಂಬುದು ಬೇಗನೆ ಸ್ಪಷ್ಟವಾಯಿತು. ಅಣ್ಣ ಓದಿನಲ್ಲಿ ಮುಂದಾದರು. ಉಳಿದವಳು ತಂಗಿ. ಅವಳ ಓಟ ತಾಯಿಯವರ ಕಾಲಿನದೇ. 1995ರಲ್ಲಿ ಧರ್ಮಪುರಿಯಲ್ಲಿ ನಡೆಯುವ ಶಾಲಾ ಕ್ರೀಡಾಕೂಟಕ್ಕೆ ಅವಳನ್ನು ಆರಿಸಿದಾಗ, ಹೆಣ್ಣುಮಗುವನ್ನು ಹೊರಗೆ ಕಳುಹಿಸುವುದೇ ಎಂಬ ಪ್ರಶ್ನೆ ಮತ್ತೆ ಎದ್ದಿತು. ತಾಯಿಯವರು ವಾದಮಾಡಲಿಲ್ಲ. ತಾವೇ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು, "ಇವಳ ಜೊತೆ ನಾನೂ ಹೋಗುತ್ತೇನೆ, ಎರಡು ದಿನ ಮುದ್ದೆ ನೀವೇ ತೊಳೆಸಿಕೊಳ್ಳಿ" ಎಂದು ಹೊರಟುನಿಂತರು. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು ತಮ್ಮ ಓರಗೆಯವರು, ಅದೇ 1954ರಲ್ಲಿ ಹುಟ್ಟಿದವರು, 1976ರಲ್ಲಿ ನಮ್ಮ ದೇಶದ ಮಹಿಳೆಯರು ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಎಂಬುದು ಅವರ ಬತ್ತಳಿಕೆಯ ದೊಡ್ಡ ಬಾಣ. ತಂಗಿ ಧರ್ಮಪುರಿಯಲ್ಲಿ ಮೊದಲ ಸುತ್ತಿನಲ್ಲಿಯೇ ಸೋತಳು. ಮರಳಿದ ದಿನ ಮನೆಯಲ್ಲಿ ಶಾವಿಗೆ ಪಾಯಸ. ಸೋತವರಿಗೇಕೆ ಪಾಯಸವೆಂದು ನಾವು ನಕ್ಕರೆ, "ಹೋಗಿ ಬಂದಳಲ್ಲ, ಅದಕ್ಕೆ" ಎಂದರು. ಆದರೂ ಅವರ ಆಸೆ ಪೂರ್ಣವಾಗಲಿಲ್ಲ. ತಂಗಿಯ ಆಟವೂ ಅವಳ ಮದುವೆಯೊಂದಿಗೆ ನಿಂತಿತು. ಆ ವರ್ಷ ತಾಯಿಯವರು ಪಂದ್ಯಗಳನ್ನು ಅಷ್ಟಾಗಿ ಕೇಳಲಿಲ್ಲವೆಂದು ನಮ್ಮ ನೆನಪು.

ದೂರದರ್ಶನದ ಕಾಲ ಬಂದಿತು. 1983ರ ವಿಶ್ವಕಪ್ಪನ್ನು ಅವರು ರೇಡಿಯೋದಲ್ಲಿ ಕೇಳಿದ್ದರು. 18 ವಿಕೆಟ್ ಪಡೆದು ಆ ಕೂಟದಲ್ಲಿಯೇ ಮೊದಲಿಗರಾದ ರೋಜರ್ ಬಿನ್ನಿ ನಮ್ಮವರೆಂದು ಹಿಗ್ಗಿದ್ದರು. ಆದರೆ ಕಣ್ಣಾರೆ ಕಂಡ ಹಬ್ಬವೆಂದರೆ 1996ರ ಅಕ್ಟೋಬರ್ 21. ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೈಟನ್ ಕಪ್ಪಿನ ಪಂದ್ಯ. ಗೆಲ್ಲಲು 216 ಬೇಕು. 88 ಹೊಡೆದ ಸಚಿನ್ ತೆಂಡೂಲ್ಕರ್ ಔಟಾದಾಗ ಮೊತ್ತ 164, ಬಿದ್ದ ವಿಕೆಟ್ಟು ಎಂಟು. ಊರಿನಲ್ಲಿ ಅನೇಕರು ದೂರದರ್ಶನವನ್ನು ಆರಿಸಿ ಊಟಕ್ಕೆದ್ದರು. ಉಳಿದವರಿಬ್ಬರೂ ಕನ್ನಡದ ಹುಡುಗರು, ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ. ದಾಂಡಿಗರೆಂದು ಹೆಸರಾದವರಲ್ಲ. ತಾಯಿಯವರು ಎದ್ದುಹೋಗಲು ಒಪ್ಪಲಿಲ್ಲ. "ಊರಿನ ಹುಡುಗರು ಆಡುವಾಗ ಎದ್ದುಹೋಗಬಾರದು, ಅವರ ಅಮ್ಮಂದಿರು ನೋಡುತ್ತಿರುತ್ತಾರೆ" ಎಂದರು. ಅವರಿಬ್ಬರೂ ಔಟಾಗದೆ 52 ಓಟ ಕೂಡಿಸಿ ಪಂದ್ಯವನ್ನು ಗೆದ್ದುಕೊಟ್ಟರು. ತಂದೆಯವರು ಅಂದು ಎಲ್ಲರೆದುರಿಗೆ ತಾಯಿಯವರ ಕೈಹಿಡಿದು ಕುಲುಕಿದರು. ನಮ್ಮ ಹಳ್ಳಿಯ ಮನೆಗಳಲ್ಲಿ ಅದು ಎಷ್ಟು ಅಪರೂಪವೆಂಬುದನ್ನು ತಾವು ಬಲ್ಲಿರಿ.

ಸೋಲಿನ ಪಾಠವೂ ಇದೆ. 1999ರ ಜನವರಿ 31ರಂದು ಚೆನ್ನೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಬರಿಯ 12 ಓಟಗಳಿಂದ ಸೋತಿತು. ತೆಂಡೂಲ್ಕರರು ಬೆನ್ನುನೋವನ್ನು ನುಂಗಿಕೊಂಡು 136 ಹೊಡೆದರೂ ಕೊನೆಯ ವಿಕೆಟ್ಟುಗಳು ಕ್ಷಣದಲ್ಲಿ ಕುಸಿದವು. ನಾವು ಅಂದು ಪಾಠದ ಪುಸ್ತಕವನ್ನು ಗೋಡೆಗೆ ಎಸೆದವರು. ಈಗ ಒಪ್ಪಿಕೊಳ್ಳಲು ನಾಚಿಕೆ. ಆದರೆ ಚೆನ್ನೈಯ ಜನ ಎದ್ದುನಿಂತು, ಗೆದ್ದ ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಅವರು ಮೈದಾನವನ್ನು ಸುತ್ತುಬಂದು ಕೃತಜ್ಞತೆ ತೋರಿಸಿದರು. "ಪುಸ್ತಕ ತೆಗೆದುಕೊಂಡು ಬಾ, ಇದನ್ನು ನೋಡು" ಎಂದು ತಾಯಿಯವರು ನಮ್ಮನ್ನು ಕರೆದು ಕೂರಿಸಿದರು. ಮರುವಾರವೇ ದೆಹಲಿಯಲ್ಲಿ ಕುಂಬ್ಳೆಯವರು ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು ಕಿತ್ತು ಮನೆಯವರ ಮುಖವನ್ನು ಅರಳಿಸಿದರೆಂಬುದು ಬೇರೆ ಮಾತು. ತಾಯಿಯವರು ಮೊಮ್ಮಕ್ಕಳಿಗೆ ಎರಡನ್ನೂ ಹೇಳುತ್ತಾರೆ, ಚೆನ್ನೈಯ ಚಪ್ಪಾಳೆಯನ್ನು ಮೊದಲು, ಹತ್ತು ವಿಕೆಟ್ಟನ್ನು ಅನಂತರ.

2007ರಲ್ಲಿ ತಂದೆಯವರು ತೀರಿಕೊಂಡರು. ಹುಳುಮನೆ ಮುಚ್ಚಿತು, ತಾಯಿಯವರು ಹೊಸೂರಿಗೆ ನಮ್ಮೊಡನೆ ಇರಲು ಬಂದರು. ಅಣ್ಣನವರು ಚೆನ್ನೈಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ ನೆಲಸಿದ್ದರು. ಅತ್ತಿಗೆಯವರು ಬಹಳ ಒಳ್ಳೆಯವರು. ಆದರೆ ಮನೆಯ ಮಾತು ತಮಿಳಾಯಿತು. ಮೊಮ್ಮಗನಿಗೆ ಕನ್ನಡ ಬರಲಿಲ್ಲ. ತಾಯಿಯವರಿಗೆ ತಮಿಳು ಬರುತ್ತದೆ, ಮಾತಿಗೇನೂ ಕೊರತೆಯಿಲ್ಲ. ಆದರೂ ಹಬ್ಬಕ್ಕೆ ತಾವು ಬರೆದ ಕಾಗದವನ್ನು ಮೊಮ್ಮಗನು ಓದಲಾರನೆಂಬುದು ಅವರಿಗೆ ಉಳಿದ ನೋವು. ಬೆಳೆ ಕೆಟ್ಟಾಗ ಹೇಳಿದಂತೆ ಇದಕ್ಕೆ ಮುಂದಿನ ಪಂದ್ಯವಿದೆಯೆಂದು ಹೇಳಲು ಅವರಿಂದಾಗಲಿಲ್ಲ.

2008ರಲ್ಲಿ ಊರೂರಿಗೊಂದು ತಂಡದ ಪಂದ್ಯಾವಳಿ ಮೊದಲಾಯಿತು. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರು. ಆಳುವ ಊರು ಚೆನ್ನೈ. ನಮ್ಮ ಬೀದಿಯಲ್ಲಿ ಒಂದು ಮನೆಗೆ ಕೆಂಪಂಗಿ, ಮುಂದಿನ ಮನೆಗೆ ಹಳದಿಯಂಗಿ. ತಾಯಿಯವರು ಬೆಂಗಳೂರಿನ ಪಕ್ಷ, ಚೆನ್ನೈಯ ಮೊಮ್ಮಗ ಹಳದಿಯ ಪಕ್ಷ. 2009ರ ಫೈನಲಿನಲ್ಲಿ ನಾಯಕ ಕುಂಬ್ಳೆಯವರು 16 ಓಟ ಕೊಟ್ಟು 4 ವಿಕೆಟ್ ಪಡೆದರೂ ಬೆಂಗಳೂರು 6 ಓಟಗಳಿಂದ ಸೋತಿತು. 2011ರ ಫೈನಲಿನಲ್ಲಿ ಚೆನ್ನೈಯಲ್ಲಿಯೇ ಚೆನ್ನೈಗೆ 58 ಓಟಗಳಿಂದ ಸೋತಿತು. ಆ ರಾತ್ರಿ ಎಂಟು ವರ್ಷದ ಮೊಮ್ಮಗ ದೂರವಾಣಿಯಲ್ಲಿ, "ಪಾಟಿ, ನಾವು ಗೆದ್ದೆವು!" ಎಂದು ತಮಿಳಿನಲ್ಲಿ ಕೂಗಿದ. ತಾಯಿಯವರು ಅವನ ಭಾಷೆಯಲ್ಲಿಯೇ ಅವನನ್ನು ಹರಸಿ, ಫೋನಿಟ್ಟು, ಮುಖವನ್ನು ಸೆರಗಿನಿಂದ ಒರೆಸಿಕೊಂಡರು. ಕುಂತಿಯ ಕಥೆಯನ್ನು ಹಲವು ವರ್ಷ ಪಾಠಹೇಳಿದ್ದ ನಮಗೆ ಅದು ಅಂದು ಅರ್ಥವಾಯಿತು.

ಆ ಹುಡುಗನೇ ಮುಂದೆ ಅಜ್ಜಿಯನ್ನು ಕೆಣಕುವುದಕ್ಕೆಂದು, "ಈ ಸಲ ಕಪ್ ನಮ್ದೇ" ಎಂಬ ಮಾತನ್ನು ಕಲಿತುಬಂದ. ಅವನು ಆಡಿದ ಮೊದಲ ಪೂರ್ಣ ಕನ್ನಡ ವಾಕ್ಯ ಅದು! ಹಾಸ್ಯಕ್ಕಾಗಿ ಆಡಿದುದು. ಆದರೆ ತಾಯಿಯವರು ಬಿಡುವವರೇ? ಅದನ್ನು ಸ್ಲೇಟಿನ ಮೇಲೆ ಬರೆದು, "ಇದು ಈ, ಇದು ಸ, ಇದು ಲ" ಎಂದು ತೋರಿಸಿದರು. ಆಟಗಾರರ ಹೆಸರುಗಳು ಬಂದವು, ಓಟಗಳ ಪಟ್ಟಿ ಬಂದಿತು. 2016ರ ಫೈನಲಿನಲ್ಲಿ ತಮ್ಮ ಊರಿನಲ್ಲಿಯೇ ಬೆಂಗಳೂರಿನವರು 8 ಓಟಗಳಿಂದ ಸೋತಾಗ ಚೆನ್ನೈಯಿಂದ ಅಜ್ಜಿಗೆ ಒಂದು ಕಾಗದ ಬಂದಿತು. ಕನ್ನಡದಲ್ಲಿ ಒಂದೇ ಸಾಲು, ಅದರಲ್ಲಿ ನಾಲ್ಕು ತಪ್ಪು: ಅಳಬೇಡ ಅಜ್ಜಿ, ಮುಂದಿನ ಸಲ ಎಂದು. ಕಪ್ಪು ಹೋದರೂ ಆ ಕಾಗದ ಸಿಕ್ಕಿತಲ್ಲ ಎಂದು ತಾಯಿಯವರು ಅದನ್ನು ದೇವರ ಗೂಡಿನಲ್ಲಿಟ್ಟರು. ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನಾವು ಅಣ್ಣನ ಮನೆಯಲ್ಲಿ ಮಾಡಲಾರದುದನ್ನು ಸೋಲುವ ತಂಡವೊಂದು ಮಾಡಿಕೊಟ್ಟಿತು.

ಅದೇ 2016ರಲ್ಲಿ ರಿಯೋ ನಗರದ ಪ್ಯಾರಾಲಿಂಪಿಕ್ಸಿನಲ್ಲಿ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು 1.89 ಮೀಟರು ಎತ್ತರ ಜಿಗಿದು ಚಿನ್ನ ಗೆದ್ದರು. ಐದು ವರ್ಷದವರಿದ್ದಾಗ ಬಸ್ಸು ಹಾಯ್ದು ಬಲಗಾಲು ಊನವಾದವರು. ತಾಯಿ ತರಕಾರಿ ಮಾರಿ ಸಾಕಿದರು. ಪಳಗಿದ್ದು ಬೆಂಗಳೂರಿನಲ್ಲಿ, ತರಬೇತುದಾರ ಸತ್ಯನಾರಾಯಣ ಅವರ ಕೈಕೆಳಗೆ. "ಹೆತ್ತದ್ದು ಸೇಲಂ, ತಿದ್ದಿದ್ದು ಬೆಂಗಳೂರು, ಇವನು ಪೂರಾ ನಮ್ಮ ಕಡೆಯವನು" ಎಂದು ತಾಯಿಯವರು ತೀರ್ಪುಕೊಟ್ಟರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ತಂಡ ಕಪ್ಪನ್ನು ಗೆದ್ದುತಂದಾಗ, ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ ಫೈನಲಿನಲ್ಲಿ 4 ವಿಕೆಟ್ ಕಿತ್ತಾಗ, "ಗಂಡುಹುಡುಗರು ಹದಿನಾರು ವರ್ಷದಿಂದ ತಾರದ್ದನ್ನು ಇವರು ಎರಡನೇ ವರ್ಷವೇ ತಂದರು" ಎಂದು ತಂಗಿಗೆ ಫೋನು ಮಾಡಿ ಹೇಳಿದರು. ತಂಗಿಯ ಮಗಳು ಈಗ ಶಾಲೆಯ ತಂಡದಲ್ಲಿ ಆಡುತ್ತಾಳೆ.

ಸಭಿಕರೇ, ಇನ್ನು ಹೇಳಬೇಕಾದುದನ್ನು ಹೇಳುವುದಕ್ಕೆ ನಮಗೆ ಸ್ವಲ್ಪ ಕಷ್ಟವಾಗುತ್ತದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು ಸೋಲಿಸಿತು. 2009ರಲ್ಲಿ ಸೋತದ್ದು 6 ಓಟಗಳಿಂದ, ಈಗ ಗೆದ್ದದ್ದೂ 6 ಓಟಗಳಿಂದ. 18ನೆಯ ಪ್ರಯತ್ನದಲ್ಲಿ ಮೊದಲ ಕಪ್ಪು. 71 ವರ್ಷದ ತಾಯಿಯವರು ತಂದೆಯವರ ಭಾವಚಿತ್ರದ ಮುಂದೆ ಹೋಗಿ ನಿಂತು, ಏನೋ ಹೇಳಿ ಬಂದರು. ಚೆನ್ನೈಯ ಮೊಮ್ಮಗ ಫೋನಿನಲ್ಲಿ, ಈ ಸಲ ತಪ್ಪಿಲ್ಲದ ಕನ್ನಡದಲ್ಲಿ, "ಅಜ್ಜಿ, ಈ ಸಲ ಕಪ್ ನಿಮ್ದೇ" ಎಂದ. ಮರುದಿನ ಬೆಳಿಗ್ಗೆಯೇ ಕಡಲೆಬೇಳೆ ನೆನೆಹಾಕಿ ಒಬ್ಬಟ್ಟಿಗೆ ಸಿದ್ಧಮಾಡಿದರು.

ಬೆಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಮಗ ಅಂದು ಸಂಜೆ ಸ್ನೇಹಿತರೊಡನೆ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆಗೆ ಹೊರಟಿದ್ದನೆಂಬುದು ನಮಗೆ ತಿಳಿದಿರಲಿಲ್ಲ. ದೂರದರ್ಶನದಲ್ಲಿ ಸುದ್ದಿ ಬಂದಿತು. ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲು. ಸತ್ತವರ ಸಂಖ್ಯೆ ಗಂಟೆಗಂಟೆಗೆ ಏರುತ್ತಿದೆ. ಮಗನಿಗೆ ಫೋನು ಮಾಡಿದರೆ ಸಿಗಲಿಲ್ಲ. ಅವನ ಗೆಳೆಯರಿಗೂ ಸಿಗಲಿಲ್ಲ. ನಮ್ಮ ಮನೆಯವರು ದೇವರ ಮುಂದೆ ಕುಳಿತರು. ನಾವು ಬಸ್‌ನಿಲ್ದಾಣಕ್ಕೂ ಮನೆಗೂ ಓಡಾಡಿದೆವು. ತಾಯಿಯವರು ಮಾತ್ರ ಹೊಸ್ತಿಲ ಮೇಲೆ ಕುಳಿತು ಬೀದಿಯನ್ನು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ರಾತ್ರಿ ಹತ್ತೂವರೆಗೆ ಅವನು ಬಂದ. ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ, ಅಂಗಿಯ ತೋಳು ಹರಿದಿದೆ, ಮೈಗೆ ಪೆಟ್ಟಿಲ್ಲ. ತಾಯಿಯವರು ಅವನ ತಲೆ, ತೋಳು, ಬೆನ್ನು ಮುಟ್ಟಿ ನೋಡಿದರು. ಅನಂತರ ಐವತ್ತೊಂದು ವರ್ಷದ ಹಿಂದೆ ಕೇಳಿದ್ದ ಅದೇ ಮಾತನ್ನು ಕೇಳಿದರು: "ಎಲ್ಲಾ ಮನೆಗೆ ಬಂದ್ರಾ?"

ಹುಡುಗ ತಲೆತಗ್ಗಿಸಿ, "ಇಲ್ಲ ಅಜ್ಜಿ" ಎಂದ.

ಅಂದು 11 ಮಂದಿ ಮನೆಗೆ ಬರಲಿಲ್ಲ. ಬಹುಮಂದಿ ಎಳೆಯ ವಯಸ್ಸಿನವರು. ಒಬ್ಬಟ್ಟಿನ ಹೂರಣ ಹಾಗೆಯೇ ಉಳಿಯಿತು. ಬೆಳಿಗ್ಗೆ ತಾಯಿಯವರು ಅದನ್ನು ಹಸುವಿಗೆ ಹಾಕಿಸಿದರು. "ಹದಿನೆಂಟು ವರ್ಷ ಕಾದಿದ್ದೆ. ಕಾದದ್ದು ತಪ್ಪಾಯಿತೇನೋ" ಎಂದರು. ನಾವು ಸಮಾಧಾನ ಹೇಳಲು ಹೋಗಿ ಮಾತು ಸಿಗದೆ ಸುಮ್ಮನಾದೆವು. ಆಮೇಲೆ ತಿಂಗಳುಗಟ್ಟಲೆ ಅವರು ಯಾವ ಪಂದ್ಯವನ್ನೂ ನೋಡಲಿಲ್ಲ.

ಮತ್ತೆ ಅವರನ್ನು ಕರೆದು ಕೂರಿಸಿದವಳು ತಂಗಿಯ ಮಗಳು. 2025ರ ರಾಜ್ಯೋತ್ಸವದ ಮರುದಿನ, ನವೆಂಬರ್ 2ರಂದು, ನವಿ ಮುಂಬಯಿಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಫೈನಲು. ಅವಳು ನಮ್ಮ ಮನೆಗೇ ಬಂದು, "ನೀವು ನೋಡದಿದ್ದರೆ ನಾನೂ ನೋಡೋದಿಲ್ಲ ಅಜ್ಜಿ, ನಾಳೆಯಿಂದ ಆಡೋಕ್ಕೂ ಹೋಗೋದಿಲ್ಲ" ಎಂದು ಹಟಹಿಡಿದಳು. ತಾಯಿಯವರು ಬಹಳ ಹೊತ್ತು ಯೋಚಿಸಿದರು. "ನೀನು ಆಡೋದು ನಿಲ್ಲಿಸಬೇಡ" ಎಂದು ಬಂದು ಕುಳಿತರು. ಹರ್ಮನ್‌ಪ್ರೀತ್ ಕೌರರ ತಂಡ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿತು. ಅರ್ಧರಾತ್ರಿ ಕಳೆದಿತ್ತು. ಮೊಮ್ಮಗಳು ಕುಣಿದಳು. ತಾಯಿಯವರು ನಗುತ್ತ, ಕಣ್ಣೊರೆಸಿಕೊಳ್ಳುತ್ತ, ದೂರದರ್ಶನದಲ್ಲಿ ಕಾಣುತ್ತಿದ್ದ ಆ ಜನರಾಶಿಯ ಕಡೆಗೆ ಕೈತೋರಿಸಿ, "ಇವರೆಲ್ಲ ನಿಧಾನವಾಗಿ ಮನೆಗೆ ಹೋಗಲಪ್ಪಾ" ಎಂದರು.

ಮಹನೀಯರೇ, ನಮ್ಮ ತಾಯಿಯ ಕಥೆ ಇಷ್ಟು. ಅಭಿಮಾನವೆಂಬುದು ದೊಡ್ಡ ಗುಣ. ಅದಿಲ್ಲದೆ ಗಡಿಯಲ್ಲಿ ಒಂದು ಭಾಷೆಯೂ ಉಳಿಯದು, ಒಂದು ಸಂಘವೂ ನಡೆಯದು. ಆದರೆ ಅಭಿಮಾನವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ತಾಯಂದಿರಿಂದ ಕಲಿಯುವುದು ಒಳ್ಳೆಯದು. ತಮ್ಮವರು ಗೆಲ್ಲಲೆಂದು ಅವರು ಮನಸಾರೆ ಹಾರೈಸುತ್ತಾರೆ; ಎದುರುಗಡೆಯವರಿಗೂ ಒಬ್ಬ ತಾಯಿ ಇದ್ದಾಳೆಂಬುದನ್ನು ಮರೆಯುವುದಿಲ್ಲ. ಸೋತವರಿಗೆ ಪಾಯಸ ಮಾಡುತ್ತಾರೆ. ಗೆದ್ದ ರಾತ್ರಿ ಮನೆಗೆ ಬಂದವರನ್ನು ಎಣಿಸುತ್ತಾರೆ.

ಆದಕಾರಣ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಮೂರು ಅರಿಕೆಗಳಿವೆ. ಮುಂದಿನ ವಾರ್ಷಿಕ ಕ್ರೀಡೆಗಳಲ್ಲಿ ಹುಡುಗಿಯರ ಪಂದ್ಯಗಳನ್ನು ಹುಡುಗರ ಪಂದ್ಯಗಳಷ್ಟೇ ಸಂಖ್ಯೆಯಲ್ಲಿ ಏರ್ಪಡಿಸಬೇಕು. ಅವರೊಡನೆ ಬರುವ ತಾಯಂದಿರಿಗೆ ಮುಂದಿನ ಸಾಲಿನಲ್ಲಿ ನೆರಳಿನ ಜಾಗ ಕೊಡಬೇಕು. ಎರಡನೆಯದು, ತಮಿಳು, ತೆಲುಗು, ಉರ್ದು ಮನೆಗಳ ನೆರೆಹೊರೆಯ ಮಕ್ಕಳನ್ನೂ ಆಟಕ್ಕೆ ಕರೆಯಬೇಕು. ಆಟಕ್ಕೆ ಬಂದ ಮಗು ನಾಲ್ಕು ಕನ್ನಡ ಅಕ್ಷರ ಕಲಿತುಹೋದರೆ ಅದೇ ನಮಗೆ ಪಾರಿತೋಷಕ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಆಟ ಮುಗಿದ ಮೇಲೆ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟು, ಬಂದ ಮಕ್ಕಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಎಲ್ಲರೂ ಮನೆ ಸೇರಿದರೆಂದು ತಿಳಿಯುವವರೆಗೆ ಪದಾಧಿಕಾರಿಗಳಲ್ಲಿ ಒಬ್ಬರು ಕಾದಿರಬೇಕು. ಓಟಗಳನ್ನು ಬರೆದಿಟ್ಟ ಅನುಭವ ನಮಗೆ ಉಂಟು. ಈ ಲೆಕ್ಕವನ್ನು ಬರೆಯುವ ಕೆಲಸವನ್ನು ನಮಗೇ ಕೊಟ್ಟರೆ ಸಂತೋಷದಿಂದ ಮಾಡುತ್ತೇವೆ.

 ಇಲ್ಲದ್ದೊಂದನ್ನೂ ಸೇರಿಸಿಲ್ಲವೆಂದು, ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ತಾಯಿಯವರಿಗೆ ಇಲ್ಲಿಂದಲೇ ಅರಿಕೆ ಮಾಡಿಕೊಂಡು ಮಾತನ್ನು ಮುಗಿಸುತ್ತೇವೆ.